ಟಿ.ಸಿ. ಕೇಳುವ ಮೊದಲು

ಜೂನ್ ತಿಂಗಳು ಬಂತೆಂದರೆ ಮುಖ್ಯೋಪಾಧ್ಯಾಯನ ಮೇಜಿನ ಮುಂದೆ ಟಿ.ಸಿ. ಕೇಳುವವರ ಸಾಲು ನಿಲ್ಲುತ್ತದೆ. ನಾನು ನಿವೃತ್ತನಾಗಿ ವರ್ಷಗಳಾದವು. ಆದರೂ ಆ ಸಾಲು ನನ್ನನ್ನು ಬಿಟ್ಟಿಲ್ಲ. ಈಗ ಮನೆಯ ಕಟ್ಟೆಗೆ ಬರುತ್ತಾರೆ, ಟಿ.ಸಿ.ಗೆ ಅಲ್ಲ, ಸಲಹೆಗೆ. ಕಳೆದ ವರ್ಷ ಮಾಧವರಂನಿಂದ ಒಬ್ಬ ತಂದೆ ಬಂದಿದ್ದರು. ಕಟ್ಟೆಯ ಮೇಲೆ ಕೂಡಲಿಕ್ಕೂ ಒಪ್ಪದೆ ನಿಂತೇ ಮಾತಾಡಿದರು.

"ಸಾರ್, ಹುಡುಗಂದು ಏಳನೇ ಕ್ಲಾಸ್ ಮುಗೀತ್ರಿ. ಕನ್ನಡ ಸಾಲ್ಯಾಗ ಬಿಟ್ರ ಸಾಫ್ಟ್‌ವೇರ್ ಕೆಲಸ ಸಿಗಂಗಿಲ್ಲ ಅಂತಾರ. ಆದೋನಿ ಕಾನ್ವೆಂಟಿಗೆ ಹಾಕಬೇಕು ಅಂತ ಮಾಡೀನಿ. ಅರ್ಧ ಎಕರೆ ಮಾರಿದ್ರ ಮೂರು ವರ್ಷದ ಫೀಜು ಆಗ್ತೈತ್ರಿ."

ಪೋಷಕರೇ, ನಿಮ್ಮಲ್ಲಿ ಎಷ್ಟೋ ಜನರ ಮನಸ್ಸಿನಲ್ಲಿ ಇದೇ ಮಾತಿದೆ ಎಂದು ನನಗೆ ಗೊತ್ತು. ಹೊಲ ಮಾರುವ ಮೊದಲು, ಟಿ.ಸಿ. ಕೇಳುವ ಮೊದಲು, ದೊಡ್ಡ ಕಂಪನಿಯ ಸಾಫ್ಟ್‌ವೇರ್ ಕೆಲಸ ಎಂದರೆ ಏನು, ಅದು ನಿಮ್ಮ ಮಗುವಿನಿಂದ ಏನು ಕೇಳುತ್ತದೆ, ಯಾವಾಗ ಕೇಳುತ್ತದೆ ಎಂಬುದನ್ನು ಒಮ್ಮೆ ಕುಳಿತು ನೋಡೋಣ.

ಎರಡು ದಡ

1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಈ ಕಡೆಗೆ ಬಂದವು. ಮಾತು ಬದಲಾಗಲಿಲ್ಲ, ಕಚೇರಿ ಬದಲಾಯಿತು. ಮಾಧವರಂ ದಾಟಿ ತುಂಗಭದ್ರೆಯ ಆ ದಡಕ್ಕೆ ಹೋದರೆ ರಾಯಚೂರು ಜಿಲ್ಲೆ. ಆ ದಡದ ಮಗುವಿಗೆ 371ಜೆ ವಿಧಿಯ ಮೀಸಲಾತಿಯಿದೆ, ಈ ದಡದ ಮಗುವಿಗೆ ಇಲ್ಲ. ನಮ್ಮ ಪಾಲಿಗೆ ಸಂವಿಧಾನದಲ್ಲಿ ಇರುವುದು 350ಎ ವಿಧಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಈ ಶಾಲೆಗಳು ಯಾರೋ ಕೊಟ್ಟ ದಾನವಲ್ಲ ಎಂಬುದನ್ನು ನೆನಪಿಡಿ. ಆದರೆ ಹಕ್ಕು ಇದೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಇಲ್ಲಿ ಓದಿಸಿ ಎಂದು ನಾನು ಹೇಳುವುದಿಲ್ಲ. ಮಗುವಿನ ಮುಂದಿನ ಅನ್ನದ ಪ್ರಶ್ನೆಗೂ ಉತ್ತರ ಬೇಕು.

ಕಂಪ್ಯೂಟರಿಗೆ ಯಾವ ಭಾಷೆ?

ಕಂಪ್ಯೂಟರಿಗೆ ಕನ್ನಡ ಬಾರದು ಎನ್ನುತ್ತಾರೆ. ಅದಕ್ಕೆ ಇಂಗ್ಲಿಷೂ ಬಾರದು. ಅದಕ್ಕೆ ಬರುವುದು ಅಂಕಿ ಮಾತ್ರ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರ ಅದಕ್ಕೆ 65. ಯೂನಿಕೋಡ್ ಪಟ್ಟಿಯಲ್ಲಿ ನಮ್ಮ 'ಅ' 3205. ಎರಡೂ ಅದಕ್ಕೆ ಒಂದೇ.

ಪ್ರೋಗ್ರಾಮ್ ಬರೆಯುವುದೆಂದರೆ ಇಂಗ್ಲಿಷ್ ಪ್ರಬಂಧ ಬರೆಯುವುದಲ್ಲ. 1989ರಲ್ಲಿ ಪ್ರಮಾಣೀಕರಣಗೊಂಡ ಸಿ ಭಾಷೆಯಲ್ಲಿ ಮೀಸಲು ಪದಗಳು ಇದ್ದದ್ದು 32. ಅವುಗಳಲ್ಲಿ ಮುಖ್ಯವಾದ ಮೂರನ್ನು ನೋಡಿ: ಇಫ್, ಎಲ್ಸ್, ವೈಲ್. ಆದೋನಿಯ ಹತ್ತಿ ಮಾರುಕಟ್ಟೆಗೆ ಹೋದವರಿಗೆ ಈ ಮೂರೂ ಗೊತ್ತು. ಹತ್ತಿಯಲ್ಲಿ ತೇವ ಹೆಚ್ಚಿದ್ದರೆ ದರ ಮುರಿ, ಅದು ಇಫ್. ಇಲ್ಲದಿದ್ದರೆ ಪೂರ್ತಿ ದರ ಹಾಕು, ಅದು ಎಲ್ಸ್. ಚೀಲಗಳು ಇರುವವರೆಗೂ ಇದನ್ನೇ ಮಾಡುತ್ತಿರು, ಅದು ವೈಲ್. ಹೀಗೆ ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಯಾವ ಹೆಜ್ಜೆಯನ್ನೂ ಬಿಡದೆ, ಕ್ರಮ ತಪ್ಪದೆ ಹೇಳುವ ವಿದ್ಯೆಯೇ ಪ್ರೋಗ್ರಾಮಿಂಗ್. ಆ ವಿದ್ಯೆ ಕುದುರುವುದು ಮಗುವಿಗೆ ಚೆನ್ನಾಗಿ ಅರ್ಥವಾಗುವ ಭಾಷೆಯಲ್ಲಿ ಗಣಿತ ಕಲಿತಾಗ. ಎಂಟನೆಯ ತರಗತಿಯ ಬೀಜಗಣಿತವನ್ನು ಅರ್ಥವಾಗದ ಭಾಷೆಯಲ್ಲಿ ಉರುಹೊಡೆದ ಮಗು ಆ ಹೆಜ್ಜೆಗಳನ್ನು ಕಟ್ಟಲಾರದು.

ನಮ್ಮ ಸೀಮೆಗೆ ಹತ್ತಿರದ ಒಂದು ಉದಾಹರಣೆ ಹೇಳುತ್ತೇನೆ. ಲೇಖಕ ವಸುಧೇಂದ್ರ ಅವರ ಹೆಸರು ಕೇಳಿರಬಹುದು. 1969ರಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಹುಟ್ಟಿದವರು. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಓದು ಮುಗಿಸಿ, ಬಹಳ ವರ್ಷ ಸಾಫ್ಟ್‌ವೇರ್ ಎಂಜಿನಿಯರಾಗಿ ದುಡಿದರು. ಅದರ ಜೊತೆಗೇ ಕನ್ನಡದಲ್ಲಿ ಕಥೆ ಬರೆದರು, ಛಂದ ಪುಸ್ತಕ ಪ್ರಕಾಶನ ಕಟ್ಟಿದರು. 2019ರಲ್ಲಿ ಬಂದ ಅವರ ಕಾದಂಬರಿಯ ಹೆಸರು 'ತೇಜೋ ತುಂಗಭದ್ರಾ'. ನಮ್ಮ ಮಾಧವರಂನ ಪಕ್ಕದಲ್ಲಿ ಹರಿಯುವ ಅದೇ ತುಂಗಭದ್ರೆ. ಸಾಫ್ಟ್‌ವೇರ್ ಬೇಕಾದರೆ ಕನ್ನಡ ಬಿಡಬೇಕು ಎನ್ನುವವರಿಗೆ ಅವರ ಬದುಕನ್ನು ತೋರಿಸಿ.

ಇನ್ನೊಬ್ಬರು ಕೆ.ಪಿ. ರಾವ್. ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಕೀಲಿಮಣೆಯ ಮೇಲೆ ತರ್ಕಬದ್ಧವಾಗಿ ಹೊಂದಿಸಿದವರು. 'ನುಡಿ' ತಂತ್ರಾಂಶ ಬಳಸುವ ಪ್ರತಿಯೊಬ್ಬರ ಬೆರಳೂ ಅವರ ವಿನ್ಯಾಸದ ಮೇಲೆಯೇ ಓಡುತ್ತದೆ. ಕನ್ನಡದ ಕಾಗುಣಿತ, ಒತ್ತಕ್ಷರಗಳ ಒಳಗಿನ ನಿಯಮ ತಿಳಿದಿದ್ದರಿಂದಲೇ ಆ ಕೆಲಸ ಸಾಧ್ಯವಾಯಿತು.

ನನ್ನ ತಪ್ಪು

ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಉಳಿದರ್ಧ ನನ್ನದೇ ತಪ್ಪಿನ ಕಥೆ.

ನನ್ನ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಹತ್ತನೆಯವರೆಗೂ ಕನ್ನಡ ಮಾಧ್ಯಮ. ಗಣಿತದಲ್ಲಿ ಚುರುಕು. ಇಂಟರ್ ಮುಗಿಸಿ, ಕರ್ನೂಲಿನಲ್ಲಿ ಎಂಜಿನಿಯರಿಂಗ್ ಓದಿದಳು. ಕಾಲೇಜಿಗೆ ಬಂದ ಮೊದಲ ಎರಡು ಕಂಪನಿಗಳ ಸಂದರ್ಶನದಲ್ಲಿ ಅವಳು ಆಯ್ಕೆಯಾಗಲಿಲ್ಲ. ರಜೆಗೆ ಊರಿಗೆ ಬಂದಾಗ ನನ್ನನ್ನು ನೋಡಲು ಬಂದಳು. "ಸಾರ್, ಕೇಳಿದ ಪ್ರಶ್ನೆಗೆಲ್ಲ ಉತ್ತರ ಗೊತ್ತಿತ್ರಿ. ಬಾಯಿಗೆ ಬರಲಿಲ್ಲ. ನೀವು ಇಂಗ್ಲಿಷ್ ಬರೆಸಿದ್ರಿ, ಮಾತಾಡಿಸಲಿಲ್ಲ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಅವಳು ಹೇಳಿದ್ದು ನಿಜ. ಇಂಗ್ಲಿಷ್ ಪೀರಿಯಡ್‌ನಲ್ಲಿ ನಾವು ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆವು, ಮಕ್ಕಳು ನೋಡಿ ಬರೆಯುತ್ತಿದ್ದರು, ಪರೀಕ್ಷೆಯಲ್ಲಿ ಪಾಸಾಗುತ್ತಿದ್ದರು. ಮಗು ಎದ್ದುನಿಂತು ಎರಡು ವಾಕ್ಯ ಹೇಳಿದ್ದನ್ನು ನಾನು ಕೇಳಿದ್ದೇ ಕಡಿಮೆ.

ಇದು ನನಗೆ ಹೊಳೆಯಬೇಕಿತ್ತು. ನಾನು ಹುಟ್ಟಿದ್ದು ತಮಿಳುನಾಡಿನ ತಾಳವಾಡಿ ಕಡೆ. ಐದನೆಯವರೆಗೆ ಕನ್ನಡ ಶಾಲೆ, ಆಮೇಲೆ ತಮಿಳು ಮಾಧ್ಯಮ. ಆರನೆಯ ತರಗತಿಯ ಮೊದಲ ಮೂರು ತಿಂಗಳು ತರಗತಿಯಲ್ಲಿ ಕಿವುಡನಂತೆ ಕೂತಿದ್ದೆ. ಒಬ್ಬ ತಮಿಳು ಮೇಷ್ಟ್ರು ನನ್ನ ಕೈಗೆ ಒಂದು ಸಣ್ಣ ನೋಟುಬುಕ್ಕು ಕೊಟ್ಟರು. ಎಡಗಡೆ ಕನ್ನಡದ ಪದ, ಬಲಗಡೆ ತಮಿಳಿನ ಪದ. ದಿನಕ್ಕೆ ಐದು. ಉತ್ತರವನ್ನು ಮೊದಲು ಕನ್ನಡದಲ್ಲಿ ಯೋಚಿಸಿ ಹೇಳು, ಆಮೇಲೆ ತಮಿಳಿನಲ್ಲಿ ಹೇಳು ಎನ್ನುತ್ತಿದ್ದರು. ವರ್ಷ ತುಂಬುವ ಹೊತ್ತಿಗೆ ನಾನು ತರಗತಿಯಲ್ಲಿ ಮೂರನೆಯವನಾಗಿದ್ದೆ. ಕನ್ನಡ ಗಟ್ಟಿಯಾಗಿದ್ದುದರಿಂದ ತಮಿಳು ಬಂತು. ಆದರೆ ಆ ನೋಟುಬುಕ್ಕು ಇಲ್ಲದಿದ್ದರೆ ಬರುತ್ತಿರಲಿಲ್ಲ.

ಆದ್ದರಿಂದ ಶಾಲೆಯನ್ನು ಬದಲಿಸುವ ಮೊದಲು ಶಾಲೆಯನ್ನು ಕೇಳಿ. ನಮ್ಮ ಮಗು ವಾರಕ್ಕೆ ಎಷ್ಟು ಸಲ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಮಾತಾಡುತ್ತದೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಯಾರಾದರೂ ಕೇಳಿದ್ದರೆ ನಾನೂ ತಿದ್ದಿಕೊಳ್ಳುತ್ತಿದ್ದೆ. ಮನೆಯಲ್ಲಿ ಅಂಥದೇ ಒಂದು ನೋಟುಬುಕ್ಕು ಇಡಿಸಿ. ಎಡಗಡೆ ಭಿನ್ನರಾಶಿ, ತ್ರಿಜ್ಯ, ವೇಗೋತ್ಕರ್ಷ. ಬಲಗಡೆ ಅದರ ಇಂಗ್ಲಿಷ್ ಪದ. ಎಂಟನೆಯ ತರಗತಿಯಿಂದ ದಿನಕ್ಕೆ ಐದು ಪದ ಬರೆದರೆ ಇಂಟರಿಗೆ ಹೋಗುವ ಹೊತ್ತಿಗೆ ಮಗು ಕಂಗಾಲಾಗುವುದಿಲ್ಲ. ಕನ್ನಡ ಮಾಧ್ಯಮದ ಮಕ್ಕಳು ಹೆಚ್ಚಾಗಿ ಎಡವುವುದು ಹತ್ತನೆಯ ತರಗತಿಯಲ್ಲಲ್ಲ, ಇಂಟರಿನ ಮೊದಲ ಆರು ತಿಂಗಳಲ್ಲಿ.

ಹತ್ತನೆಯ ನಂತರದ ದಾರಿಗಳು

ಮೊದಲ ಬಾಗಿಲು ಹತ್ತನೆಯ ತರಗತಿಗೂ ಮುಂಚೆಯೇ ಇದೆ. ಎಂಟನೆಯ ತರಗತಿಯಲ್ಲಿ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ ಪರೀಕ್ಷೆ ಬರೆಸಿ. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಇದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಇರುವುದು. ಕಾನ್ವೆಂಟಿಗೆ ಹೋದರೆ ಆ ಬಾಗಿಲು ಮುಚ್ಚುತ್ತದೆ.

ಎರಡನೆಯದು ನಮ್ಮ ರಾಜ್ಯದ ರಾಜೀವ್ ಗಾಂಧಿ ಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ, ಜನ ಟ್ರಿಪಲ್ ಐಟಿ ಎಂದು ಕರೆಯುವುದು. 2008ರಲ್ಲಿ ಶುರುವಾಯಿತು. ಈಗ ನೂಜಿವೀಡು, ಇಡುಪುಲಪಾಯ, ಒಂಗೋಲು, ಶ್ರೀಕಾಕುಳಂ ಕ್ಯಾಂಪಸ್‌ಗಳಿವೆ. ಹತ್ತನೆಯ ತರಗತಿ ಮುಗಿಸಿದ ಹಳ್ಳಿ ಮಕ್ಕಳಿಗೆಂದೇ ಕಟ್ಟಿದ ಆರು ವರ್ಷದ ಓದು: ಎರಡು ವರ್ಷ ಪೂರ್ವಸಿದ್ಧತೆ, ನಾಲ್ಕು ವರ್ಷ ಎಂಜಿನಿಯರಿಂಗ್. ಪ್ರವೇಶಕ್ಕೆ ಸಾಮಾನ್ಯವಾಗಿ ಹತ್ತನೆಯ ತರಗತಿಯ ಅಂಕಗಳೇ ಆಧಾರ. ವಸತಿರಹಿತ ಸರ್ಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ಸ್ವಲ್ಪ ಅಂಕ ಹೆಚ್ಚುವರಿ ಸೇರಿಸುವ ಪದ್ಧತಿಯೂ ಇದೆ. ಇಲ್ಲಿಯೂ ಸರ್ಕಾರಿ ಕನ್ನಡ ಶಾಲೆ ಅಡ್ಡಿಯಲ್ಲ, ಅನುಕೂಲ.

ಮೂರನೆಯದು ಪಾಲಿಟೆಕ್ನಿಕ್. ಪಾಲಿಸೆಟ್ ಬರೆದು ಮೂರು ವರ್ಷದ ಡಿಪ್ಲೊಮಾ, ಆಮೇಲೆ ಇಸೆಟ್ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶ. ಖರ್ಚು ಕಡಿಮೆ, ಕೈಗೆ ಕೆಲಸವೂ ಬರುತ್ತದೆ.

ನಾಲ್ಕನೆಯದು ಇಂಟರ್‌ನಲ್ಲಿ ಎಂ.ಪಿ.ಸಿ. ಓದಿ ಪ್ರವೇಶ ಪರೀಕ್ಷೆ ಬರೆಯುವುದು. ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಸುತ್ತಾರೆ. ಕರ್ನೂಲಿನಲ್ಲಿ 2015ರಿಂದ, ರಾಯಚೂರಿನಲ್ಲಿ 2019ರಿಂದ ಕೇಂದ್ರದ ಐಐಐಟಿಗಳಿವೆ. ನಮ್ಮ ಊರಿಗೆ ಎರಡೂ ಕಡೆಯಿಂದ ಹತ್ತಿರವಾದ ರಾಷ್ಟ್ರಮಟ್ಟದ ಸಂಸ್ಥೆಗಳು, ಎರಡಕ್ಕೂ ದಾರಿ ಜೆಇಇ. ಕರ್ನಾಟಕದ ಸಿಇಟಿಯಲ್ಲಿಯೂ ಗಡಿನಾಡು, ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ನಿಯಮಗಳಿವೆ. ಅವರಿಗೆ ಕನ್ನಡ ಭಾಷಾ ಪರೀಕ್ಷೆ ಇಡುತ್ತಾರೆ. ಆಯಾ ವರ್ಷದ ಕೈಪಿಡಿ ತರಿಸಿ, ಅರ್ಹತೆಯ ಪುಟವನ್ನು ಶಾಲೆಯ ಮೇಷ್ಟ್ರ ಜೊತೆ ಕೂತು ಓದಿ.

ಎಂಜಿನಿಯರಿಂಗ್ ಒಂದೇ ದಾರಿಯೂ ಅಲ್ಲ. ವಿಪ್ರೊ ಕಂಪನಿ ಬಿ.ಸಿ.ಎ., ಬಿ.ಎಸ್ಸಿ. ಓದಿದವರನ್ನು ಕೆಲಸಕ್ಕೆ ತೆಗೆದುಕೊಂಡು, ಕೆಲಸ ಮಾಡುತ್ತಲೇ ಎಂ.ಟೆಕ್. ಓದಿಸುವ ಕಾರ್ಯಕ್ರಮ ನಡೆಸುತ್ತ ಬಂದಿದೆ. ಎಚ್‌ಸಿಎಲ್ ಕಂಪನಿ 2017ರಿಂದ ಹನ್ನೆರಡನೆಯ ತರಗತಿ ಮುಗಿಸಿದವರಿಗೇ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸಿಕೊಳ್ಳುವ ಟೆಕ್‌ಬೀ ಯೋಜನೆ ಇಟ್ಟಿದೆ. ಇವುಗಳ ನಿಯಮ, ಶುಲ್ಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಪೂರ್ತಿ ಓದಿಕೊಂಡೇ ಸಹಿ ಹಾಕಿ.

ಶೇಕಡಾ 60ರ ಗೆರೆ

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಕ್ಯಾಂಪಸ್ಸಿಗೆ ಬರುವ ಹಲವು ದೊಡ್ಡ ಕಂಪನಿಗಳು ಹತ್ತನೆಯ ತರಗತಿ, ಇಂಟರ್, ಪದವಿ ಈ ಮೂರರಲ್ಲೂ ಶೇ. 60 ಕೇಳುವುದು ಬಹುಕಾಲದ ರೂಢಿ. ಪದವಿಯಲ್ಲಿ 75 ಬಂದರೂ, ಹತ್ತನೆಯ ತರಗತಿಯಲ್ಲಿ 52 ಇದ್ದರೆ ಅರ್ಜಿ ಆ ಬಾಗಿಲಲ್ಲೇ ನಿಂತುಬಿಡಬಹುದು. ಆರು ವರ್ಷದ ಹಿಂದಿನ ಒಂದು ಮಾರ್ಚ್ ತಿಂಗಳನ್ನು ಯಾರು ತಿದ್ದಲಾದೀತು?

ನಮ್ಮ ಸೀಮೆಯಲ್ಲಿ ಆ ಅಂಕ ಏಕೆ ಕಡಿಮೆಯಾಗುತ್ತದೆ? ಮಾಧ್ಯಮದಿಂದ ಅಲ್ಲ. ನಾನು ನೋಡಿದ ಹಾಜರಿ ಪುಸ್ತಕಗಳಲ್ಲಿ ಉತ್ತರ ಇದೆ. ಕೋಸಿಗಿ, ಕೌತಾಳಂ, ಮಂತ್ರಾಲಯ ಮಂಡಲಗಳಿಂದ ಕುಟುಂಬಗಳು ಸುಗ್ಗಿಗೆಂದು ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಒಂದೊಂದು ಹೆಸರಿನ ಮುಂದೆ ಮೂರು ತಿಂಗಳು ಸಾಲಾಗಿ ಗೈರು. ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ, ಮಗು ಹಿಂದಿನ ಬೆಂಚಿಗೆ ಹೋಗಿ ಕೂರುತ್ತದೆ. ಅಂಥ ಮಗುವನ್ನು ಯಾವ ಮಾಧ್ಯಮಕ್ಕೆ ಹಾಕಿದರೂ ಫಲವಿಲ್ಲ.

ನೀವು ಹೋಗಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಮಳೆ ಕೈಕೊಟ್ಟ ವರ್ಷ ಒಲೆ ಉರಿಯಬೇಕಲ್ಲ. ಆದರೆ ಮಗುವನ್ನು ಅಜ್ಜಿಯ ಮನೆಯಲ್ಲೋ, ಹಾಸ್ಟೆಲಿನಲ್ಲೋ ಬಿಟ್ಟು ಹೋಗಿ. ಕಾನ್ವೆಂಟಿನ ಫೀಜಿಗಿಂತ ಆ ಮೂರು ತಿಂಗಳ ಹಾಜರಿ ದೊಡ್ಡ ಬಂಡವಾಳ.

ಕೆಲಸ ಸಿಕ್ಕ ಮೇಲೆ

ಆ ಹುಡುಗಿಯ ಕಥೆಗೆ ಮರಳುತ್ತೇನೆ. ಮೂರನೆಯ ಕಂಪನಿ ಅವಳನ್ನು ತೆಗೆದುಕೊಂಡಿತು. ನಡುವಿನ ನಾಲ್ಕು ತಿಂಗಳು ಅವಳು ದಿನವೂ ಕನ್ನಡಿಯ ಮುಂದೆ ನಿಂತು ತನ್ನ ಪ್ರಾಜೆಕ್ಟನ್ನು ಇಂಗ್ಲಿಷಿನಲ್ಲಿ ವಿವರಿಸಿಕೊಂಡಿದ್ದಳಂತೆ. ಈಗ ಬೆಂಗಳೂರಿನಲ್ಲಿ ಒಂದು ದೊಡ್ಡ ಕಂಪನಿಯಲ್ಲಿದ್ದಾಳೆ. ಹಬ್ಬಕ್ಕೆ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬಂದಾಗಲೆಲ್ಲ ನಾನು ಅವಳನ್ನು ಕೂರಿಸಿ ಕೇಳುತ್ತೇನೆ: ಅಲ್ಲಿ ಏನಮ್ಮ ಮಾಡುತ್ತೀ?

ಮೊದಲ ವರ್ಷ ಬರೆದದ್ದಕ್ಕಿಂತ ಓದಿದ್ದೇ ಹೆಚ್ಚು ಎಂದಳು. ನೂರಾರು ಜನ ವರ್ಷಗಟ್ಟಲೆ ಬರೆದ ಪ್ರೋಗ್ರಾಮ್ ಇರುತ್ತದೆ. ಹೊಸಬರು ಅದನ್ನು ಓದಿ ಅರ್ಥಮಾಡಿಕೊಂಡು, ಒಂದು ಸಣ್ಣ ಭಾಗವನ್ನು ತಿದ್ದಬೇಕು. ತಿದ್ದಿದ್ದನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಬಳಕೆಗೆ ಹೋಗುತ್ತದೆ. ಕಾಪಿ ತಿದ್ದುವ ಮೇಷ್ಟ್ರ ಹಾಗೆ. ಕೆಂಪು ಶಾಯಿ ಬಿದ್ದರೆ ಅವಮಾನ ಎಂದುಕೊಂಡವರು ಅಲ್ಲಿ ಬೆಳೆಯುವುದಿಲ್ಲ.

ಒಮ್ಮೆ ಅವಳು ಬರೆದದ್ದರಲ್ಲಿ ತಪ್ಪು ಉಳಿದು, ಮೇಲೆ ಹೋಗಿಬಿಟ್ಟಿತ್ತು. ಯಾರಿಗೂ ಕಂಡಿರಲಿಲ್ಲ. ರಾತ್ರಿಯೇ ತನ್ನ ಲೀಡ್‌ಗೆ ಫೋನ್ ಮಾಡಿ ಹೇಳಿದಳು. ಇಬ್ಬರೂ ಕೂತು ಸರಿಮಾಡಿದರು. ಅದಕ್ಕೆ ಬಹುಮಾನವೇನೂ ಬರಲಿಲ್ಲ. ಆದರೆ ಆಮೇಲೆ ಮುಖ್ಯವಾದ ಕೆಲಸಗಳು ಅವಳ ಕಡೆಗೆ ಬರತೊಡಗಿದವು. ಇದನ್ನು ಕೇಳಿದಾಗ, ನಮ್ಮ ಶಾಲೆಯಲ್ಲಿ ಅವಳಿಗೆ ಕಲಿಸಿದ್ದರಲ್ಲಿ ಏನೋ ಒಂದು ಉಳಿದಿದೆ ಎಂದು ನನಗೆ ಸಮಾಧಾನವಾಯಿತು.

ಬಡ್ತಿಯ ಮೆಟ್ಟಿಲು ಹೀಗೆ: ಟ್ರೈನಿ, ಎಂಜಿನಿಯರ್, ಸೀನಿಯರ್ ಎಂಜಿನಿಯರ್, ಲೀಡ್. ಅಲ್ಲಿಂದ ದಾರಿ ಕವಲಾಗುತ್ತದೆ. ಒಂದು ಜನರನ್ನು ನಡೆಸುವ ಮ್ಯಾನೇಜರ್ ದಾರಿ, ಇನ್ನೊಂದು ತಂತ್ರಜ್ಞಾನದಲ್ಲೇ ಆಳಕ್ಕಿಳಿಯುವ ದಾರಿ. ಮೊದಲ ಮೆಟ್ಟಿಲುಗಳಲ್ಲಿ ಒಬ್ಬರೇ ಚೆನ್ನಾಗಿ ಕೆಲಸ ಮಾಡಿದರೆ ಸಾಕು. ಮೇಲಕ್ಕೆ ಹೋದಂತೆ, ಹತ್ತು ಜನಕ್ಕೆ ಅರ್ಥವಾಗುವಂತೆ ಒಂದು ಪುಟ ಬರೆಯಲು ಬರಬೇಕು, ತನ್ನ ಯೋಜನೆ ಏಕೆ ಸರಿ ಎಂದು ವಾದಿಸಲು ಬರಬೇಕು. ಕನ್ನಡದಲ್ಲಿ ಒಂದು ಪುಟ ಕ್ರಮವಾಗಿ ಬರೆಯಲು ಕಲಿತ ಮಗುವಿಗೆ ಆ ಕ್ರಮ ಇಂಗ್ಲಿಷಿಗೂ ಹೋಗುತ್ತದೆ. ಯಾವ ಭಾಷೆಯಲ್ಲೂ ಪೂರ್ತಿ ವಾಕ್ಯ ಬರೆಯಲಾರದ ಮಗುವಿಗೆ ಕಷ್ಟ.

ಎಚ್ಚರದ ಎರಡು ಮಾತು

ಇನ್ಫೋಸಿಸ್ 1981ರಲ್ಲಿ ಏಳು ಜನರಿಂದ ಪುಣೆಯಲ್ಲಿ ಶುರುವಾಗಿ, ಇಂದು ಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿದೆ. ಆ ಓಟ ನೋಡಿ, ಇದು ಮುಗಿಯದ ಸುಗ್ಗಿ ಎಂದುಕೊಳ್ಳಬೇಡಿ. ಕಂಪನಿಗಳು ಒಂದು ವರ್ಷ ಸಾವಿರಗಟ್ಟಲೆ ತೆಗೆದುಕೊಳ್ಳುತ್ತವೆ, ಇನ್ನೊಂದು ವರ್ಷ ಕೈ ಹಿಡಿಯುತ್ತವೆ. ಈಗ ಕೃತಕ ಬುದ್ಧಿಮತ್ತೆ ಬಂದು, ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಪ್ರೋಗ್ರಾಮ್‌ಗಳನ್ನು ಯಂತ್ರವೇ ಬರೆಯುತ್ತಿದೆ. ಬರೆದದ್ದು ಸರಿಯೋ ತಪ್ಪೋ ಎಂದು ನೋಡಬಲ್ಲವರಿಗೆ ಬೆಲೆ ಉಳಿಯುತ್ತದೆ, ಉರುಹೊಡೆದವರಿಗೆ ಕಡಿಮೆಯಾಗುತ್ತದೆ. ಆದ್ದರಿಂದ ಸಾಲ ಮಾಡಿ, ಹೊಲ ಮಾರಿ ಸೀಟು ಕೊಳ್ಳಬೇಡಿ. ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳ ಎನ್‌ಪಿಟಿಇಎಲ್ ಪಾಠಗಳನ್ನು ಹಣ ಕೊಡದೆ ಫೋನಿನಲ್ಲೇ ನೋಡಬಹುದು. ಇನ್ಫೋಸಿಸ್‌ನ ಸ್ಪ್ರಿಂಗ್‌ಬೋರ್ಡ್ ಪಾಠಗಳೂ ಉಚಿತ.

ಇನ್ನೊಂದು. "ಇಷ್ಟು ಲಕ್ಷ ಕೊಡಿ, ದೊಡ್ಡ ಕಂಪನಿಯಲ್ಲಿ ಹಿಂಬಾಗಿಲಿಂದ ಸೇರಿಸುತ್ತೇವೆ" ಎನ್ನುವವರು ಗಡಿಯ ಎರಡೂ ಕಡೆ ಓಡಾಡುತ್ತಾರೆ. ಯಾವ ದೊಡ್ಡ ಕಂಪನಿಯೂ ಕೆಲಸಕ್ಕೆ ಹಣ ಕೇಳುವುದಿಲ್ಲ. ಕೇಳಿದರೆ ಅದು ಮೋಸ.

ಮಾಧವರಂನ ಆ ತಂದೆಗೂ ನಾನು ಇಷ್ಟೇ ಹೇಳಿದ್ದು. ಕೊನೆಗೆ ಕಟ್ಟೆಯ ಮೇಲೆ ಕೂತರು. ಬಹಳ ಹೊತ್ತು ಸುಮ್ಮನಿದ್ದು, "ಹೊಲ ಮಾರಂಗಿಲ್ಲ ಬಿಡ್ರಿ. ಆದ್ರ ಸುಗ್ಗಿಗೆ ಹೋದ್ರ ಇವನ್ನ ಯಾರ್ ನೋಡ್ಕೊಂತಾರ? ನಮ್ಮವ್ವಗ ಕಣ್ಣು ಕಾಣಂಗಿಲ್ಲ" ಎಂದರು. ನನ್ನ ಹತ್ತಿರ ತಟ್ಟನೆ ಉತ್ತರ ಇರಲಿಲ್ಲ. ಶಾಲೆಯ ಈಗಿನ ಮೇಷ್ಟ್ರನ್ನು ಕರೆಸಿ ಮಾತಾಡಿದೆವು. ಪಕ್ಕದ ಮನೆಯವರು ಊಟದ ಹೊಣೆ ಹೊತ್ತರು. ಹುಡುಗ ಅಜ್ಜಿಯ ಜೊತೆ ಊರಲ್ಲೇ ಉಳಿದ.

ಜನವರಿಯಲ್ಲಿ ಒಂದು ಸಂಜೆ ಗುಂಟೂರು ಕಡೆಯಿಂದ ಅವರ ಫೋನ್ ಬಂತು. ಹಿಂದೆ ಜನರ ಗದ್ದಲ, ಟ್ರಾಕ್ಟರಿನ ಸದ್ದು. ನನ್ನ ಯೋಗಕ್ಷೇಮ ಕೇಳಲಿಲ್ಲ. ಮೊದಲ ಮಾತೇ, "ಸಾರ್, ಹುಡುಗ ಇವತ್ತು ಸಾಲಿಗೆ ಹೋಗಿದ್ನೇನ್ರಿ?"

ಹೋಗಿದ್ದ. ಮಧ್ಯಾಹ್ನವೇ ವಿಚಾರಿಸಿಕೊಂಡಿದ್ದೆ.